ಚಂಪಿಯ ಮೆರವಣಿಗೆ

ದೌಲತಬಿ ಗಂಡನ ಶೋಕದ ಇದ್ದತ್ತು ಮುರಿದು ಹೊಸ್ತಿಲು ದಾಟಿದಳು ಎಂದು ಬ್ಯಾಡಗಿಯ ಹಳೇ ಊರಿನಲ್ಲಿ ಬಹಳ ದಿನ ಆಡಿಕೊಂಡರು. ಯಾಕೆ ದಾಟಿದಳು ಎಂದು ಕೇಳಿದವರು ಕಡಿಮೆ. ಕೇಳಿದವರೂ ಉತ್ತರ ಕೇಳಿ ನಕ್ಕರು. ಒಂದು ಕತ್ತೆಯ ಸಲುವಾಗಿ ಅಂದರೆ ಯಾರು ತಾನೆ ನಗುವುದಿಲ್ಲ?

ಅವಳ ಗಂಡ ಅಬ್ದುಲಗನಿ ಆ ವರ್ಷ ಪುಷ್ಯದ ಚಳಿಯಲ್ಲಿ ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದ. ಅವನದು ಕತ್ತೆಯ ಮೇಲೆ ಮಣ್ಣು ಹೇರುವ ಕಸುಬು. ಹಳೇ ಊರಿನ ಓಣಿಗಳಲ್ಲಿ ಎತ್ತಿನ ಗಾಡಿ ನುಗ್ಗುವುದಿಲ್ಲ. ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಆ ಮಾಳಿಗೆಗಳ ಮೇಲೆ ಹೊಸದಾಗಿ ಕರಲು ಮಣ್ಣು ಹರವಬೇಕು. ಹುಲ್ಲು ಕೂಡ ಹುಟ್ಟದ ಆ ಉಪ್ಪುಮಣ್ಣು ಬಿಗಿದು ಕೂತರೆ ಒಂದು ಹನಿ ನೀರೂ ಕೆಳಗೆ ಇಳಿಯುವುದಿಲ್ಲ. ಊರ ಹೊರಗಿನ ಬಯಲಿನಿಂದ ಆ ಮಣ್ಣನ್ನು ಜೋಡುಚೀಲದಲ್ಲಿ ತುಂಬಿ, ಕತ್ತೆಯ ಬೆನ್ನಿನ ಮೇಲೆ ಹೇರಿ, ಮನೆಮನೆಯ ಬಾಗಿಲಿಗೆ ತಂದು ಸುರಿಯುವುದು ಅವನ ಅಪ್ಪನ ಕಾಲದಿಂದ ಬಂದ ಕೆಲಸ. ಒಂದು ಕಾಲಕ್ಕೆ ಹಟ್ಟಿಯ ತುಂಬ ಕತ್ತೆಗಳಿದ್ದವು. ಅವನು ಕಣ್ಣು ಮುಚ್ಚುವಾಗ ಉಳಿದಿದ್ದದ್ದು ಚಂಪಿ ಒಂದೇ.

ಚಂಪಿ ಬೂದಿಬಣ್ಣದ ಹೆಣ್ಣುಗತ್ತೆ. ಹೆತ್ತ ಕೂಡಲೇ ತಾಯಿ ಸತ್ತು ಹೋಗಿತ್ತು. ದೌಲತಬಿ ಅರಿವೆಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಅದರ ಬಾಯಿಗಿಟ್ಟು ಬದುಕಿಸಿದ್ದಳು. ಮಕ್ಕಳಿಲ್ಲದ ಮನೆ. ಬೆಳಗ್ಗೆ ನಮಾಜು ಮುಗಿಸಿ ಹಿತ್ತಲ ಬಾಗಿಲು ತೆರೆದರೆ ಚಂಪಿ ಕಿವಿ ನಿಮಿರಿಸಿ ಅವಳ ಕಡೆ ನೋಡುತ್ತಿತ್ತು.

ಅಬ್ದುಲಗನಿಗೆ ಒಂದು ಕಟ್ಟು ಇತ್ತು. ಅದು ಅವನ ಅಪ್ಪ ಹಾಕಿಕೊಟ್ಟದ್ದು. ಕತ್ತೆಯನ್ನು ಹೊರೆಗೆ ಕೊಡಬೇಕು, ಯಾರನ್ನೂ ಅವಮಾನ ಮಾಡಲಿಕ್ಕೆ ಕೊಡಬಾರದು. ಹಿಂದೊಮ್ಮೆ ಹತ್ತಿರದ ಹಳ್ಳಿಯ ಹಿರಿಯರು ಯಾರೋ ಒಬ್ಬ ಹೆಣ್ಣುಮಗಳ ತಲೆ ಬೋಳಿಸಿ ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಊರು ಸುತ್ತಿಸಬೇಕೆಂದು ಅವನನ್ನು ಕರೆಸಿದ್ದರು. ಅವನು ಹಗ್ಗ ಹಿಡಿದು ನಿಂತಲ್ಲೇ ನಿಂತು, "ಆ ಹೆಣ್ಣಮಗಳು ಏನ ಮಾಡ್ಯಾಳೋ ನನಗ ಗೊತ್ತಿಲ್ರಿ. ನನ್ನ ಕತ್ತಿ ಅಂತೂ ಏನೂ ಮಾಡಿಲ್ಲ. ನಾಳೆ ಕಯಾಮತ್ತಿನ ದಿನ ದೇವರು ಲೆಕ್ಕ ಕೇಳಿದಾಗ ಈ ಮೂಕಪ್ರಾಣಿಗೆ ಬಾಯಿ ಬರತೈತಿ. ಅವತ್ತ ಅದು ನನ್ನ ಹೆಸರ ಹೇಳಬಾರದು" ಎಂದು ಹೇಳಿ ತಿರುಗಿ ಬಂದಿದ್ದ. ಆ ಹಳ್ಳಿಯವರು ಆಮೇಲೆ ಅವನನ್ನು ಕೆಲಸಕ್ಕೆ ಕರೆಯಲೇ ಇಲ್ಲ. ಅವನು ಅದನ್ನು ಒಂದು ದಿನವೂ ಆಡಿ ತೋರಿಸಲಿಲ್ಲ.

ಅಂಥ ಗಂಡನಿಗಾಗಿ ದೌಲತಬಿ ಇದ್ದತ್ತು ಹಿಡಿದಿದ್ದಳು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲೊಳಗೇ ಇರಬೇಕು. ಬಳೆ, ಸುರ್ಮಾ, ಬಣ್ಣದ ಸೀರೆ ಯಾವುದೂ ಕೂಡದು. ಕೂಲಿನಾಲಿ ಮಾಡುವ ಹೆಂಗಸರು ಎಷ್ಟೋ ಮಂದಿ ಹೊಟ್ಟೆಪಾಡಿಗೆ ಹೊರಬೀಳುತ್ತಾರೆ, ಯಾರೂ ತಪ್ಪು ಹಿಡಿಯುವುದಿಲ್ಲ. ದೌಲತಬಿ ಮಾತ್ರ ಅರೆಹೊಟ್ಟೆ ಉಂಡು ಒಳಗೇ ಇದ್ದಳು. ಗಂಡನಿಗೆ ತಾನು ಕೊಡಬಹುದಾದದ್ದು ಇನ್ನು ಅದೊಂದೇ ಎಂದು ಅವಳಿಗೆ ಅನಿಸಿತ್ತು. ಚಂಪಿಯ ಮೇವು, ನೀರು, ಮಣ್ಣಿನ ಕೆಲಸ ಎಲ್ಲವನ್ನೂ ಪಕ್ಕದ ಮನೆಯ ಮೈದುನ ಸಲಾವುದ್ದೀನ ನೋಡಿಕೊಳ್ಳುತ್ತಿದ್ದ. ಮಾತು ಕಡಿಮೆ, ಮನಸ್ಸು ಮೆತ್ತಗೆ. ನಾಲ್ಕು ಮಂದಿ ಕೂತ ಕಡೆ ತಾನಾಗಿ ಹೋಗಿ ಕೂರುವವನಲ್ಲ.

ಬೇಸಿಗೆ ಏರಿತು. ನಳದಲ್ಲಿ ನೀರು ನಿಂತುಹೋಯಿತು. ಹೆಂಗಸರು ಕೊಡ ಹೊತ್ತು ದೂರದ ತೋಟದ ಬಾವಿಗಳಿಗೆ ಅಲೆದರು. ಹೇಳಿದರೆ ಕೇಳುವ ಅಧಿಕಾರಿ ಇರಲಿಲ್ಲ. ಹೀಗಿರುವಾಗ ಒಂದು ಬೆಳಗ್ಗೆ ಸಲಾವುದ್ದೀನ ಹಿತ್ತಲಿನಲ್ಲಿ ಚಂಪಿಗೆ ಮೈ ತೊಳೆಯುತ್ತಿರುವುದು ಕಾಣಿಸಿತು. ಕುಡಿಯಲಿಕ್ಕೇ ನೀರಿಲ್ಲದ ದಿನ, ಕೊಡ ನೀರು ಸುರಿದು ತಿಕ್ಕುತ್ತಿದ್ದಾನೆ.

"ಏನಪಾ, ಹಬ್ಬ ಏನು ಇವತ್ತ?" ಎಂದಳು ಬಾಗಿಲಲ್ಲಿ ನಿಂತು.

"ಮೆರವಣಿಗಿ ಐತಿ ಭಾಬಿ." ಅವನ ಮುಖ ಅರಳಿತ್ತು. "ನೀರಿನ ಸಲುವಾಗಿ ಊರ ಮಂದಿ ಎಲ್ಲಾ ಕಚೇರಿಗೆ ಹೊಂಟಾರ. ಮುಂದ ನಿಂತು ಮಾಡಾಂವ ನಮ್ಮ ಮಂಗಳವ್ವನ ಮಗ ವಿರೂಪಾಕ್ಷಪ್ಪ, ತಾನ ಮನಿಗೆ ಬಂದಿದ್ದ. ನಿಮ್ಮ ಚಂಪಿ ಎಲ್ಲಾರಕಿಂತ ಮುಂದ ಇರಬೇಕು ಅಂದ."

"ಮುಂದ? ಯಾಕಂತ?"

"ಊರಿಗೆಲ್ಲಾ ಮಣ್ಣ ಹೊತ್ತೈತಲ್ಲ ಭಾಬಿ. ಖಾಲಿ ಕೊಡ ಹೇರತಾರ ಅಂತ ಕಾಣತೈತಿ. ಕಾರಹುಣ್ಣಿವಿಗೆ ಎತ್ತಿಗೆ ಮಾಡತಾರಲ್ಲ, ಹಂಗ ಚಂದ ಮಾಡಿ ಕರಕೊಂಡ ಹೋಗತೇನಿ."

ಖಾಲಿ ಕೊಡದ ಮಾತು ವಿರೂಪಾಕ್ಷಪ್ಪ ಹೇಳಿದ್ದಲ್ಲ. ಅದು ಸಲಾವುದ್ದೀನನೇ ಊಹಿಸಿಕೊಂಡದ್ದು. ದೌಲತಬಿಯೂ ಅದನ್ನೇ ನಂಬಿದಳು. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ, ಮೈಮೇಲೆ ಜೂಲು, ಮುಂದೆ ಬಾಜಾ. ಕತ್ತೆಗೆ ಯಾವ ಹಬ್ಬವೂ ಇಲ್ಲ. ಮಾಳಿಗೆಯ ಮಣ್ಣಿಗೆ ಕತ್ತೆ ಬೇಕು, ಮಣ್ಣು ಬಿದ್ದ ಮೇಲೆ ಬಾಗಿಲಿಂದ ಆಚೆ ಹೊಡೆಯುತ್ತಾರೆ. ಈಗಲಾದರೂ ಒಬ್ಬರಿಗೆ ನೆನಪಾಯಿತಲ್ಲ ಎಂದುಕೊಂಡಳು. ಒಳಗೆ ಹೋಗಿ ಗಂಡನ ಪೆಟ್ಟಿಗೆ ತೆಗೆದು, ಅವನು ಗುತ್ತಲದ ಸಂತೆಯಲ್ಲಿ ಕೊಂಡಿದ್ದ ಗೆಜ್ಜೆಸರವನ್ನು ತಂದು ಮೈದುನನ ಕೈಗೆ ಕೊಟ್ಟಳು. ಅವನು ಸತ್ತ ಮೇಲೆ ಆ ಪೆಟ್ಟಿಗೆಯನ್ನು ಅವಳು ತೆಗೆದಿರಲಿಲ್ಲ.

"ನಿಮ್ಮಣ್ಣ ಇದ್ದಿದ್ದರ ಎಷ್ಟ ಖುಷಿ ಆಗತಿದ್ದ" ಎಂದಳು.

ಗೆಜ್ಜೆಯ ಸದ್ದು ಓಣಿ ದಾಟಿ ಹೋಗುವವರೆಗೂ ಬಾಗಿಲ ಹಿಂದೆ ನಿಂತು ಕೇಳಿದಳು.

ಮಧ್ಯಾಹ್ನದ ನಮಾಜಿಗೆ ಚಾಪೆ ಹಾಸುವಾಗ ಎದುರು ಮನೆಯ ಗುಲಾಬಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಬಂದಳು. ನಗು ತಡೆದುಕೊಳ್ಳಲು ಆಗುತ್ತಿರಲಿಲ್ಲ.

"ದೌಲತ್, ನಿನ್ನ ಚಂಪಿಗೆ ಸರ ಹಾಕ್ಯಾರ, ನೋಡಬೇಕಿತ್ತ ನೀ."

"ಹೂವಿನ ಸರ ಏನ?"

"ಹೂವು? ಹರಕ ಚಪ್ಪಲಿ ಸರ. ಕೊರಳಾಗ ಆ ಕಚೇರಿ ಸಾಹೇಬನ ಹೆಸರಿನ ಹಲಗಿ. ಮಾರಿಗೆ ಮಸಿ. ಮಂದಿ ನಕ್ಕು ನಕ್ಕು ಹೊಟ್ಟಿ ಹಿಡಕೊಂಡಾರ."

"ಸಲಾವುದ್ದೀನ ಎಲ್ಲಿ ಅದಾನ?"

"ಅವನ ಕೈಯಾಗಿಂದ ಹಗ್ಗ ಕಸಗೊಂಡರಂತ. ಸಂದ್ಯಾಗ ಗ್ವಾಡಿಗೆ ಮಾರಿ ಹಚ್ಚಿ ನಿಂತಾನ, ಸಣ್ಣ ಹುಡುಗರಂಗ."

ದೌಲತಬಿ ಚಾಪೆಯನ್ನು ಮಡಚಿದಳು. ಬಿಳಿ ಚಾದರ ಹೊದ್ದಳು.

"ಎಲ್ಲಿಗೆ ಹೊಂಟಿ? ಇದ್ದತ್ತಿನಾಗ ಅದೀ ನೀ."

"ಯಾರ ಇದ್ದತ್ತಿನಾಗ ಅದೇನಿ ನಾ?" ಎಂದಳು ದೌಲತಬಿ. "ಅಬ್ದುಲಗನಿದಲ್ಲ? ಅವನ ಮಾತ ಬೀದಿಯೊಳಗ ಬಿದ್ದೈತಿ. ಒಳಗ ಕುಂತು ನಾ ಯಾರಿಗೆ ಶೋಕ ಮಾಡಲಿ?"

ಹೊಸ್ತಿಲ ಮೇಲೆ ಕಾಲಿಟ್ಟಳು. ಅಲ್ಲಾಹನ ಹೆಸರು ಹೇಳಿ ದಾಟಿದಳು.

ಮೆರವಣಿಗೆ ಹೋದ ದಾರಿಯನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. ಮೆಣಸಿನಕಾಯಿ ವ್ಯಾಪಾರದ ಓಣಿಯ ತುಂಬ ಅದರ ಗುರುತು ಬಿದ್ದಿತ್ತು: ತುಳಿದ ಕಾಗದ, ಹರಿದ ಚಪ್ಪಲಿ, ನಡುವೆ ಒಂದು ಕಿತ್ತ ಗೆಜ್ಜೆ. ಅವಳು ಅದನ್ನು ಹೆಕ್ಕಿ ಸೆರಗಿಗೆ ಕಟ್ಟಿಕೊಂಡಳು. ಸುಗ್ಗಿಯ ಕೊನೆ, ಗಾಳಿಯಲ್ಲೆಲ್ಲ ಖಾರದ ಪುಡಿ. ಈ ಓಣಿಯಲ್ಲಿ ಅಬ್ದುಲಗನಿ ಎಂದೂ ಕತ್ತೆ ಹೊಡೆದುಕೊಂಡು ಬಂದವನಲ್ಲ. ಎಷ್ಟು ಸುತ್ತಾದರೂ ಕೆರೆಯ ದಂಡೆಯಿಂದ ಬರುತ್ತಿದ್ದ, ಅವಕ್ಕೆ ಕಣ್ಣು ಉರಿಯುತ್ತದೆಂದು. ಈ ಜನ ಬೇಕೆಂದೇ ಇಲ್ಲಿಂದ ಒಯ್ದಿದ್ದರು. ಅಂಗಡಿಕಾರರೆಲ್ಲ ನೋಡಲಿ ಎಂದು.

ಕಚೇರಿಯ ಮುಂದೆ ಜನವೋ ಜನ. ಖಾಲಿ ಕೊಡ ಹಿಡಿದ ಹೆಂಗಸರು ಒಂದು ಬದಿಗೆ ನಿಂತಿದ್ದರು. ಅವರ ಸಂಕಟ ಸುಳ್ಳಲ್ಲ, ಅವರು ಕೇಳುತ್ತಿದ್ದದ್ದೂ ಸುಳ್ಳಲ್ಲ. ಆದರೆ ಅವರನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ನಡುವೆ ನಿಂತ ಚಂಪಿಯ ಮೇಲೆ. ಬೆಳಗ್ಗೆ ತೊಳೆದು ಬಾಚಿದ ಮೈಗೂ ಮುಖಕ್ಕೂ ಮಸಿ ಮೆತ್ತಿದ್ದರು. ಕೊರಳಲ್ಲಿ ಗೆಜ್ಜೆಯ ಮೇಲೆಯೇ ಚಪ್ಪಲಿ. ಖಾರದ ಘಾಟಿಗೆ ಕಣ್ಣೀರು ಸುರಿದು ಮಸಿಯಲ್ಲಿ ಎರಡು ಗೆರೆ ಬಿದ್ದಿದ್ದವು. ಘೋಷಣೆ ಕೂಗಿದಾಗೊಮ್ಮೆ ಒಬ್ಬ ಅದರ ಪಕ್ಕೆಗೆ ಬಡಿಗೆಯಿಂದ ತಿವಿಯುತ್ತಿದ್ದ, ಅದೂ ಕೂಗಲಿ ಎಂದು.

"ಸಾಹೇಬ ಅಳಾಕತ್ತಾನ ನೋಡ್ರಿ" ಎಂದು ಯಾರೋ ಅಂದರು. ಜನ ಘೊಳ್ಳೆಂದು ನಕ್ಕಿತು.

ದೌಲತಬಿ ಜನರನ್ನು ಸರಿಸಿಕೊಂಡು ಒಳಗೆ ಹೋದಳು. ಬಡಿಗೆಯವನ ಕೈಯಿಂದ ಬಡಿಗೆ ಕಿತ್ತು ಕೆಳಗೆ ಹಾಕಿದಳು. ಚಂಪಿ ಅವಳ ವಾಸನೆ ಹಿಡಿದು ಕಿವಿ ಎತ್ತಿತು. ಅವಳು ಚಪ್ಪಲಿಯ ಸರಕ್ಕೆ ಕೈ ಹಾಕಿದಾಗ ಕಟ್ಟೆಯ ಮೇಲೆ ಭಾಷಣ ಮಾಡುತ್ತಿದ್ದ ವಿರೂಪಾಕ್ಷಪ್ಪ ಇಳಿದು ಬಂದ. ಅವಳು ಕಣ್ಣೆದುರು ಕಂಡು ಬೆಳೆದ ಹುಡುಗ. ಅವನ ತಾಯಿ ಮಂಗಳವ್ವನ ಮಾಳಿಗೆಗೆ ಪ್ರತಿ ವರ್ಷ ಮಣ್ಣು ಹೊತ್ತದ್ದು ಇದೇ ಚಂಪಿ.

"ದೌಲತವ್ವ, ಸ್ವಲ್ಪ ತಡೀರಿ. ಸಾಹೇಬ ಹೊರಗ ಬರಾಕತ್ತಾನ. ಅವ ನೋಡಲಿ, ಆಮ್ಯಾಲೆ ಬಿಚ್ಚೋಣ."

"ನೀ ಏನಂತ ಹೇಳಿ ಕರಕೊಂಡ ಬಂದಿ ಇದನ್ನ?"

"ಮೆರವಣಿಗಿ ಅಂತ ಹೇಳೇನಿ. ಸುಳ್ಳ ಹೇಳಿಲ್ಲ."

"ಸಲಾವುದ್ದೀನ ಇದಕ್ಕ ಎಣ್ಣಿ ಹಚ್ಚಿ ಬಾಚ್ಯಾನ. ಗೆಜ್ಜಿ ಕಟ್ಟ್ಯಾನ. ಅದನ್ನ ನೋಡಿಯೂ ನೀ ಚಪ್ಪಲಿ ಹಾಕಿದಿ?"

ವಿರೂಪಾಕ್ಷಪ್ಪ ಹಿಂದೆ ತಿರುಗಿ ನೋಡಿದ. ಸುತ್ತ ಜನ ಇತ್ತು. "ಅಯ್ಯ, ಕತ್ತಿಗೆ ಏನ ತಿಳೀತೈತ್ರಿ?" ಎಂದ.

"ಅದಕ್ಕ ತಿಳೀಲಿಲ್ಲ ಅಂದರ ಮಾಡಿದಾಂವಗರ ತಿಳೀಬೇಕಲ್ಲ. ನೀರು ನಿಲ್ಲಿಸಿದಾಂವ ಒಳಗ ಕುರ್ಚಿ ಮ್ಯಾಲ ಕುಂತಾನ. ಅವನ ಕೊರಳಿಗೆ ಕೈ ಹಾಕಾಕ ನಿಮಗ ಧೈರ್ಯ ಇಲ್ಲ. ನೀರು ಕೇಳದ, ಮಾತ ಆಡದ ಇದರ ಕೊರಳು ಸಿಕ್ಕಿತು. ಎಷ್ಟ ಮಂದಿ ಅದೀರಿ ನೀವು, ಇದೊಂದನ್ನ ಹಿಡಿಯಾಕ?"

ಅಷ್ಟರಲ್ಲಿ ಅಧಿಕಾರಿ ಹೊರಗೆ ಬಂದ. ತನ್ನ ಹೆಸರಿನ ಹಲಗೆಯನ್ನು ಯಾರೋ ಮುದುಕಿ ಬಿಚ್ಚುತ್ತಿರುವುದನ್ನು ಕಂಡು ಅವನಿಗೆ ಹಿಗ್ಗಾಯಿತು. "ಒಳ್ಳೇ ಕೆಲಸ ಮಾಡಿದಿರಿ ಅಮ್ಮಾ. ಇವರಿಗೆ ನಿಮ್ಮಂಥವರೇ ಬುದ್ಧಿ ಹೇಳಬೇಕು" ಎಂದ.

"ನಿಮ್ಮ ಸಲುವಾಗಿ ಬಿಚ್ಚಿಲ್ಲ ನಾ" ಎಂದಳು ದೌಲತಬಿ, ಅವನ ಕಡೆ ನೋಡದೆ. "ನಿಮ್ಮ ಹೆಸರ ಹೊರೂವಂಥ ತಪ್ಪು ಇದು ಏನೂ ಮಾಡಿಲ್ಲ."

ಜನಕ್ಕೆ ಇಷ್ಟೇ ಬೇಕಾಗಿತ್ತು. ಸಿಳ್ಳೆ ಬಿದ್ದವು, ಚಪ್ಪಾಳೆ ಬಿದ್ದವು. "ಮುದುಕಿ ಸರಿಯಾಗಿ ಝಾಡಿಸಿದಳು" ಎಂದು ಒಬ್ಬ ಕೂಗಿದ. ಅವಳ ಮಾತನ್ನೇ ಘೋಷಣೆ ಮಾಡಿ ನಾಲ್ಕು ಮಂದಿ ಒದರತೊಡಗಿದರು. ದೌಲತಬಿಗೆ ಮೈಯೆಲ್ಲ ಉರಿಯಿತು. ಅವಳು ಆಡಿದ್ದು ಚಂಪಿಯ ಮಾತು. ಇವರು ಅದನ್ನೂ ಕಸಿದುಕೊಂಡು ಸಾಹೇಬನ ಕೊರಳಿಗೆ ಕಟ್ಟಿ ನಗುತ್ತಿದ್ದಾರೆ. ಬೆಳಗಿನಿಂದ ಕತ್ತೆಯನ್ನು ಎಳೆದಾಡಿದ ಹಾಗೆಯೇ ಈಗ ತನ್ನನ್ನು.

"ನಗಬ್ಯಾಡ್ರಿ" ಎಂದಳು. ಯಾರಿಗೂ ಕೇಳಿಸಲಿಲ್ಲ.

ಹುಬ್ಬಳ್ಳಿಯಿಂದ ಬಂದಿದ್ದ ಒಬ್ಬ ಕ್ಯಾಮರಾದವನು, "ಅಮ್ಮಾ, ಚಪ್ಪಲಿ ಸರ ಕೈಯಾಗ ಹಿಡಕೊಂಡು ಕತ್ತಿ ಬಾಜೂಕ ನಿಂದರ್ರಿ, ಪೇಪರಿಗೆ ಬರತೈತಿ" ಎಂದು ಮುಂದೆ ಬಂದ. ದೌಲತಬಿ ತಾನು ಹೊದ್ದಿದ್ದ ಚಾದರವನ್ನು ತೆಗೆದು ಚಂಪಿಯ ಮುಖದ ಮೇಲೆ ಹೊದಿಸಿದಳು. ಇದ್ದತ್ತಿನ ಹೆಂಗಸು ಅಷ್ಟು ಗಂಡಸರ ನಡುವೆ ಬರೀ ಸೆರಗಿನಲ್ಲಿ ನಿಂತಳು. ಹಗ್ಗ ಹಿಡಿದು, ಕೆರೆಯ ದಂಡೆಯ ಸುತ್ತುದಾರಿಯಿಂದ ಅದನ್ನು ಮನೆಗೆ ಕರೆತಂದಳು.

ಮನೆಯಲ್ಲಿ ಕುಡಿಯಲಿಕ್ಕೆ ಇಟ್ಟಿದ್ದ ನೀರಿನಿಂದಲೇ ಅದರ ಕಣ್ಣು ತೊಳೆದಳು. ಮಸಿ ಪೂರ್ತಿ ಹೋಗಲಿಲ್ಲ. ಸಲಾವುದ್ದೀನ ಸಂಜೆಗೆ ಬಂದು ಬಾಗಿಲ ಹೊರಗೆ ನಿಂತ.

"ಭಾಬಿ, ನಾ ಕೈಯಾರೆ ಶೃಂಗಾರ ಮಾಡಿ ಕೊಟ್ಟೆ" ಎಂದ. ಆಮೇಲೆ ಎಷ್ಟೋ ದಿನ ಅವನು ಹಿತ್ತಲಿಗೆ ಬರಲಿಲ್ಲ. ಮೇವನ್ನು ಗೋಡೆಯ ಮೇಲಿಂದ ಇಟ್ಟು ಹೋಗುತ್ತಿದ್ದ. ತೊಳೆದು ತರುತ್ತೇನೆಂದು ಆ ಸಂಜೆ ಒಯ್ದ ಗೆಜ್ಜೆಸರ ಅವನ ಮನೆಯಲ್ಲೇ ಉಳಿಯಿತು.

ಊರು ಏನು ಮಾಡಿತು ಎನ್ನುತ್ತೀರಿ? ಎರಡು ವಾರದಲ್ಲಿ ನಳಕ್ಕೆ ನೀರು ಬಂತು. ವಿರೂಪಾಕ್ಷಪ್ಪನಿಗೆ ಹೂವಿನ ಹಾರ ಹಾಕಿದರು. ಆ ಹಾರದ ದಿನ ಒಬ್ಬರಾದರೂ ಆ ಇನ್ನೊಂದು ಹಾರವನ್ನು ನೆನೆಯಲಿಲ್ಲ. ದೌಲತಬಿಯ ಸುದ್ದಿ ಮಾತ್ರ ಬಾಯಿಂದ ಬಾಯಿಗೆ ಹೋಯಿತು. ಇದ್ದತ್ತು ಮುರಿದಳಂತೆ, ಸೆರಗಿನಲ್ಲಿ ನಿಂತಳಂತೆ, ಗಂಡನಿಗಿಂತ ಕತ್ತೆ ಹೆಚ್ಚಾಯಿತಂತೆ. ಮೂಕಪ್ರಾಣಿಯ ಮುಖಕ್ಕೆ ಮಸಿ ಬಳಿದವರು ಮರ್ಯಾದಸ್ಥರಾಗಿ ಉಳಿದರು. ಒರೆಸಲಿಕ್ಕೆ ಹೋದವಳು ಮರ್ಯಾದೆಗೆಟ್ಟವಳಾದಳು. ದೇವರು ಇದನ್ನೆಲ್ಲ ನೋಡುತ್ತಾನೆ ಎಂಬುದರಲ್ಲಿ ಅವಳಿಗೆ ಸಂಶಯ ಇರಲಿಲ್ಲ. ಮನುಷ್ಯರೂ ಒಮ್ಮೆ ನೋಡಲಿ ಎಂಬುದಷ್ಟೇ ಅವಳ ಸಿಟ್ಟು. ಉಳಿದ ಇದ್ದತ್ತನ್ನು ಹೊಸ್ತಿಲ ಕಡೆ ಕಣ್ಣೂ ಹಾಯಿಸದೆ ಕಳೆದಳು.

ಇದ್ದತ್ತು ಮುಗಿದ ಮರುದಿನವೇ ಮಂಗಳವ್ವ ಬಂದಳು. ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಒಂದು ಗಂಟು ಕಡಲೆಹೊಟ್ಟು.

"ಚಂಪಿಗೆ ತಂದೇನಿ" ಎಂದು ಗಂಟನ್ನು ಕಟ್ಟೆಯ ಮೇಲಿಟ್ಟಳು. "ಮಾಳಗಿ ಸೋರಾಕ ಹತ್ತೈತಿ ದೌಲತವ್ವ. ನಿನ್ನಿ ನಾಕ ಹನಿ ಬಿದ್ದದ್ದಕ್ಕ ದೇವರ ಜಗಲಿ ತೋದತು. ಬ್ಯಾರೆ ಊರಿಂದ ಕತ್ತಿ ತರಿಸೋಣ ಅಂದರ ಎಲ್ಲೂ ಸಿಗವಲ್ಲವು."

"ಮಗ ಎಲ್ಲಿ ಅದಾನ?"

"ಅದಾನ, ಮನ್ಯಾಗ."

"ಮಣ್ಣ ಹಾಕತೇನಿ ಮಂಗಳವ್ವ. ನಿಮ್ಮ ಮಾಳಗಿಗೆ ಇಲ್ಲ ಅನ್ನಾಕ ನನಗ ಬಾಯಿಲ್ಲ. ಆದರ ಹಗ್ಗ ನಿಮ್ಮ ಮಗ ಹಿಡೀಬೇಕು. ನಡು ಹಗಲಿನಾಗ ಆ ಕಚೇರಿ ಮುಂದಿಂದ ಹಾಯಿಸಿಕೊಂಡ ಹೋಗಬೇಕು. ಅವತ್ತ ಎಲ್ಲಾರೂ ನೋಡ್ಯಾರ. ಇದನ್ನೂ ನೋಡಲಿ."

ಮಂಗಳವ್ವ ಗಂಟಿನ ಪಕ್ಕ ಕಟ್ಟೆಯ ಮೇಲೆ ಕೂತಳು. "ಅವ ಬರಾಂಗಿಲ್ಲವ್ವ. ಈಗ ದೊಡ್ಡ ಮನಶ್ಯಾ ಆಗ್ಯಾನ."

"ಹಂಗಾರ ಸೋರಲಿ."

ಆ ಮಾತು ಆಡಿದ ಮೇಲೆ ದೌಲತಬಿಗೇ ನೋವಾಯಿತು. ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇದನ್ನೂ ನುಂಗಿದರೆ ಗಂಡನ ಕಟ್ಟು ಅಲ್ಲಿಗೆ ಮುಗಿಯಿತು, ಮುಂದೆ ಯಾರು ಬೇಕಾದರೂ ಬಂದು ಹಗ್ಗ ಬಿಚ್ಚಿಕೊಂಡು ಹೋಗುತ್ತಾರೆ. ಮಂಗಳವ್ವ ಎದ್ದಳು. ಹೋಗದೆ ಹಿತ್ತಲ ಕಡೆ ತಿರುಗಿದಳು. ಚಂಪಿಯ ಕೆನ್ನೆಯಲ್ಲಿ ಉಳಿದಿದ್ದ ಮಸಿಯ ಕಲೆ ಅವಳ ಕಣ್ಣಿಗೆ ಬಿತ್ತು.

"ಇದು ಅದ ಮಸಿ ಏನು?"

"ಅದ."

"ನನ್ನ ಮಗನ ಮಾಳಗಿಗೆ ಮಣ್ಣ ಹೊತ್ತದ್ದಕ್ಕ." ಮಂಗಳವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಹಗ್ಗ ನಾ ಹಿಡದರ ನಡೀತೈತೇನು? ಅವನ್ನ ಹಡದಾಕಿ ನಾ."

ದೌಲತಬಿ ಅವಳ ಮುಖವನ್ನೇ ನೋಡಿದಳು. "ನಿಮಗ ಮಂದಿ ನಗತಾರ."

"ನಗಲಿ. ನಿಮಗ ನಕ್ಕಾರಲ್ಲ."

ಬಯಲಿನಲ್ಲಿ ದೌಲತಬಿ ಮಣ್ಣು ಬಗೆದು ತುಂಬಿದಳು. ಹೊರೆ ಎತ್ತಿ ಹೇರುವಾಗ ಗಂಡನ ಹಾಗೆ ಬಿಸ್ಮಿಲ್ಲಾ ಅಂದಳು. ಮಂಗಳವ್ವ ಹಗ್ಗ ಹಿಡಿದು ಮುಂದೆ, ದೌಲತಬಿ ಬದಿಗೆ. ಮೆಣಸಿನಕಾಯಿಯ ಓಣಿಯನ್ನು ಬಿಟ್ಟು ಸುತ್ತಿ ಬಂದರು. ಕಚೇರಿಯ ಮುಂದೆ ಬರುವಾಗ ಹೊತ್ತು ನೆತ್ತಿಗೆ ಏರಿತ್ತು. ಚಹದ ಅಂಗಡಿಯಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಮಠಕ್ಕೆ ಬಿಟ್ಟರೆ ಎಲ್ಲಿಗೂ ಹೋಗದ ಮುದುಕಿ, ವಿಭೂತಿ ಧರಿಸಿದವಳು, ಕತ್ತೆಯ ಹಗ್ಗ ಹಿಡಿದು ನಡುಬೀದಿಯಲ್ಲಿ ಬರುತ್ತಿದ್ದಾಳೆ.

"ಏನವ್ವಾ ಮಂಗಳವ್ವ, ಇದೇನಿದು?" ಎಂದ ಒಬ್ಬ ನಗುತ್ತ.

"ಮೆರವಣಿಗಿ" ಎಂದಳು ಮಂಗಳವ್ವ. "ನನ್ನ ಮಗ ಅವತ್ತ ಕರೆದಿದ್ದನಲ್ಲ, ಅದು ಅರ್ಧಕ್ಕ ನಿಂತಿತ್ತು. ಮುಗಸಾಕ ಬಂದೇನಿ."

ನಗು ಅಲ್ಲಿಗೇ ನಿಂತಿತು. ವಿರೂಪಾಕ್ಷಪ್ಪ ಅದೇ ಅಂಗಡಿಯ ಒಳಗೆ ಕೂತಿದ್ದ. ಕೈಯಲ್ಲಿದ್ದ ಚಹದ ಬಸಿಯನ್ನು ಕೆಳಗಿಟ್ಟು ಎದ್ದು ಬಂದ. ಮುಖ ಕೆಂಪಗಾಗಿತ್ತು, ಸಿಟ್ಟಿಗೋ ನಾಚಿಕೆಗೋ ತಿಳಿಯದು.

"ಏನ ಹಚ್ಚೀಯವ್ವ ಇದು? ಮಂದಿ ನೋಡಾಕತ್ತಾರ. ಕೊಡ ಇಲ್ಲೆ ಹಗ್ಗ" ಎಂದು ಕೈ ಚಾಚಿದ.

ಮಂಗಳವ್ವ ದೌಲತಬಿಯ ಕಡೆ ನೋಡಿದಳು. ದೌಲತಬಿ ತಲೆ ಅಲ್ಲಾಡಿಸಿದಳು, ಬೇಡ ಎಂದು. ಮಂದಿ ನೋಡುತ್ತಾರೆಂದು ಚಾಚಿದ ಕೈಗೆ ಹಗ್ಗ ಕೊಡುವುದು ಅವಳಿಗೆ ಇಷ್ಟವಾಗಲಿಲ್ಲ.

"ಹಗ್ಗ ಕೊಡಾಂಗಿಲ್ಲ" ಎಂದಳು ತಾಯಿ. "ಬರೋ ಮನಸಿದ್ದರ ಹಿಂದ ಬಾ."

ಅವನು ನಿಂತೇ ಇದ್ದ. ಕತ್ತೆ ಮುಂದೆ ಹೋಯಿತು. ಸ್ವಲ್ಪ ದೂರ ಹೋದ ಮೇಲೆ ದೌಲತಬಿ ತಿರುಗಿ ನೋಡಿದಳು. ಚಂಪಿಯ ಗೊರಸಿನ ಧೂಳಿನ ಹಿಂದೆ, ಬಿಳಿ ಅಂಗಿಯವನು ತಲೆ ತಗ್ಗಿಸಿ ಬರುತ್ತಿದ್ದ. ಅವಳಿಗೆ ಸಿಟ್ಟು ಇಳಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅದು ಇಳಿಯಲಿಲ್ಲ. ಎದೆಯ ಮೇಲಿನ ಭಾರ ಮಾತ್ರ ಸ್ವಲ್ಪ ಸರಿದು ಕೂತಿತು.

ಮಂಗಳವ್ವನ ಓಣಿಯ ಬಾಯಲ್ಲಿ ಸಲಾವುದ್ದೀನ ನಿಂತಿದ್ದ. ಸುದ್ದಿ ಅವನಿಗೆ ಮುಟ್ಟಿತ್ತು. ಮುಂದೆ ಬಂದು ಹೊರೆಯ ಬಿಗಿ ನೋಡಿದ, ಚಂಪಿಯ ಹಣೆ ಉಜ್ಜಿದ. ಆಮೇಲೆ ಅಂಗಿಯ ಜೇಬಿನಿಂದ ಗೆಜ್ಜೆಸರ ತೆಗೆದ.

"ಒಂದ ಗೆಜ್ಜಿ ಕಳದೈತಿ ಭಾಬಿ" ಎಂದ.

ದೌಲತಬಿ ಸೆರಗಿನ ಗಂಟು ಬಿಚ್ಚಿ, ಅವತ್ತು ಓಣಿಯಲ್ಲಿ ಹೆಕ್ಕಿದ ಗೆಜ್ಜೆಯನ್ನು ಮುಂದೆ ಚಾಚಿದಳು.